ಹುಣಸೆ ಬೀಜ ಬದಲಿಸಿದ ಪಟ್ಟಿ: ಕೋಲಾರದ ಒಂದು ಕುಟುಂಬ ಅಂಡಮಾನ್‌ಗೆ ಹೊರಟಾಗ

ಇದು ಪ್ರವಾಸಕಥನ ಅಲ್ಲ. ರಾಧಾನಗರ ಬೀಚಿನ ಬಿಳಿ ಮರಳು, ಸೆಲ್ಯುಲರ್ ಜೈಲಿನ ವರ್ಣನೆ ಇಲ್ಲಿ ಸಿಗುವುದಿಲ್ಲ. ಕೋಲಾರದ ಒಂದು ಕುಟುಂಬ ಅಂಡಮಾನ್‌ಗೆ ಹೊರಡುವ ಮೊದಲು ಆರು ವಾರ ಏನೇನು ತಯಾರಿ ಮಾಡಿಕೊಂಡಿತು, ಅದರಲ್ಲಿ ಯಾವುದು ಕೆಲಸಕ್ಕೆ ಬಂತು, ಯಾವುದು ಕೈಕೊಟ್ಟಿತು ಅನ್ನುವುದಷ್ಟೇ ವಿಷಯ. ನಾನು ಇದೇ ಊರಿನಲ್ಲಿ ಮೆಡಿಕಲ್ ಸ್ಟೋರ್ ನಡೆಸುವವಳು, ಫಾರ್ಮಸಿಸ್ಟ್. ಕುಟುಂಬದವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಹಾಕಿಲ್ಲ, ಗುರುತು ಸಿಗುವಂಥ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಹಿನ್ನೆಲೆ

ಮನೆಯಲ್ಲಿ ಐದು ಜನ. ಯಜಮಾನರು ನಿವೃತ್ತ ಶಿಕ್ಷಕರು, ಅರವತ್ತು ದಾಟಿದವರು. ಊರಲ್ಲಿ ಎಲ್ಲರೂ ಮೇಷ್ಟ್ರು ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಅವರಿಗೆ 14 ವರ್ಷದಿಂದ ಶುಗರ್ ಇದೆ. ಬೆಳಿಗ್ಗೆ, ರಾತ್ರಿ ಊಟಕ್ಕೆ ಅರ್ಧ ಗಂಟೆ ಮೊದಲು ಹಾಕಿಕೊಳ್ಳುವ ಮಿಕ್ಸ್ ಇನ್ಸುಲಿನ್, ಜೊತೆಗೆ ಮಾತ್ರೆ. ಅವರ ಹೆಂಡತಿಗೆ ಬಿಪಿ. ಮಗ ಬೆಂಗಳೂರಿಗೆ ದಿನಾ ಓಡಾಡಿಕೊಂಡು ಕೆಲಸ ಮಾಡುತ್ತಾನೆ. ಸೊಸೆ ಮನೆಯ ಲೆಕ್ಕಪತ್ರ, ಆಸ್ಪತ್ರೆ, ಔಷಧಿ ಎಲ್ಲ ನೋಡಿಕೊಳ್ಳುವವಳು. ಮೊಮ್ಮಗಳಿಗೆ ಏಳು ವರ್ಷ.

ಐವರಲ್ಲಿ ಸಮುದ್ರದ ದಂಡೆಯಲ್ಲಿ ಅರ್ಧ ದಿನಕ್ಕಿಂತ ಜಾಸ್ತಿ ಇದ್ದವರು ಯಾರೂ ಇಲ್ಲ. ನಮ್ಮ ಜಿಲ್ಲೆ ಹೇಗಿದೆ ಗೊತ್ತಲ್ಲ. ವರ್ಷವಿಡೀ ಹರಿಯುವ ಒಂದು ಹೊಳೆ ಇಲ್ಲ. ನೀರು ಅಂದರೆ ಕೆರೆ, ಬಾವಿ, ಬೋರ್‌ವೆಲ್, ಟ್ಯಾಂಕರ್. ಸಮುದ್ರ ಮಟ್ಟದಿಂದ 800 ಮೀಟರಿಗಿಂತ ಎತ್ತರದ ಒಣ ಬಯಲು. ಬಿಸಿಲಿದ್ದರೂ ನೆರಳಿಗೆ ಬಂದು ನಿಂತರೆ ಬೆವರು ಆರಿಬಿಡುತ್ತದೆ. ಈ ಮಾತು ಮುಂದೆ ಮತ್ತೆ ಬರುತ್ತದೆ.

ಹೊರಡುವುದು ಜನವರಿ ಕೊನೆಯ ವಾರ, ಆರು ರಾತ್ರಿ ಇರುವುದು ಅಂತ ತೀರ್ಮಾನವಾಗಿತ್ತು. ಮೊದಲು ದಸರಾ ರಜೆಯಲ್ಲಿ ಹೋಗುವ ಯೋಚನೆ ಇತ್ತಂತೆ. ಅಂಡಮಾನ್‌ಗೆ ಮೇ ತಿಂಗಳಿಂದ ಮುಂಗಾರು, ಅದು ಮುಗಿಯುತ್ತಿದ್ದ ಹಾಗೆ ಹಿಂಗಾರು, ಜೊತೆಗೆ ಬಂಗಾಳ ಕೊಲ್ಲಿಯ ಚಂಡಮಾರುತಗಳ ಕಾಲ. ಅದನ್ನು ಓದಿ ಸೊಸೆಯೇ ಮುಂದೆ ಹಾಕಿಸಿದಳು. ಇಡೀ ತಯಾರಿಯಲ್ಲಿ ಇದಕ್ಕಿಂತ ದೊಡ್ಡ ನಿರ್ಧಾರ ಬೇರೆ ಇಲ್ಲ, ಅದಕ್ಕೆ ಒಂದು ರೂಪಾಯಿ ಖರ್ಚೂ ಆಗಲಿಲ್ಲ.

ನಲವತ್ತು ಐಟಂ

ಡಿಸೆಂಬರ್ ಮಧ್ಯದಲ್ಲಿ ಒಂದು ಸಂಜೆ ಸೊಸೆ ಅಂಗಡಿಗೆ ಬಂದು ಕೌಂಟರ್ ಮೇಲೆ ಎರಡು ಹಾಳೆ ಹರಡಿದಳು. “ಅಕ್ಕಾ, ಇದಿಷ್ಟೂ ಬೇಕು.” ಎಣಿಸಿ ನೋಡಿದೆ, ನಲವತ್ತು ಐಟಂ. ಮಲೇರಿಯಾ ಮಾತ್ರೆ, ಮೂರು ಥರ ಆಂಟಿಬಯೋಟಿಕ್, ಹಾವು ಕಡಿತಕ್ಕೆ ಏನಾದರೂ, ನೀರು ಶುದ್ಧ ಮಾಡುವ ಮಾತ್ರೆ, ಇಪ್ಪತ್ತು ಪೊಟ್ಟಣ ಓಆರ್‌ಎಸ್. ಯಾವುದೋ ದೇಶದವರು ಯಾವುದೋ ದ್ವೀಪಕ್ಕೆ ಹೋಗುವಾಗ ಮಾಡಿಕೊಂಡ ಪಟ್ಟಿ ಅನ್ನುವುದು ನೋಡಿದರೇ ಗೊತ್ತಾಗುತ್ತಿತ್ತು.

ವ್ಯಾಪಾರದ ದೃಷ್ಟಿಯಿಂದ ನನಗೆ ಒಳ್ಳೆಯದೇ. ಆದರೆ ಆಂಟಿಬಯೋಟಿಕ್ ಆಗಲಿ, ಮಲೇರಿಯಾ ಮಾತ್ರೆ ಆಗಲಿ ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. “ಮೊದಲು ಡಾಕ್ಟರ್ ಹತ್ತಿರ ಹೋಗಿ ಬಾಮ್ಮಾ, ಉಳಿದದ್ದು ಆಮೇಲೆ ನೋಡೋಣ” ಅಂದೆ.

ಅವರ ಡಾಕ್ಟರ್ ಮಲೇರಿಯಾ ಮಾತ್ರೆ ಬರೆಯಲಿಲ್ಲ. ಕಾರಣವನ್ನೂ ಹೇಳಿದರು. ಇವರು ಹೋಗುವುದು ಜನವರಿಯಲ್ಲಿ, ಒಂದು ವಾರಕ್ಕೆ, ಪ್ರವಾಸಿಗರು ಓಡಾಡುವ ಮೂರು ಜಾಗಗಳಿಗೆ. ನಮ್ಮಲ್ಲಿ ಇಂಥ ಚಿಕ್ಕ ಪ್ರವಾಸಕ್ಕೆ ಸಾಮಾನ್ಯವಾಗಿ ಕೊಡುವ ಡಾಕ್ಸಿಸೈಕ್ಲಿನ್ ಎಂಟು ವರ್ಷದೊಳಗಿನ ಮಕ್ಕಳಿಗೆ ಆಗುವುದಿಲ್ಲ. ದೊಡ್ಡವರಿಗೂ ಅದನ್ನು ತೆಗೆದುಕೊಂಡರೆ ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ಸೊಳ್ಳೆ ಕಚ್ಚದ ಹಾಗೆ ನೋಡಿಕೊಳ್ಳಿ, ಬಂದ ಮೇಲೆ ಜ್ವರ ಬಂದರೆ ಒಂದು ದಿನವೂ ಕಾಯದೆ ರಕ್ತ ಪರೀಕ್ಷೆ ಮಾಡಿಸಿ ಅಂದರು. ಇದು ಈ ಕುಟುಂಬಕ್ಕೆ ಅವರು ತೆಗೆದುಕೊಂಡ ತೀರ್ಮಾನ. ನಿಕೋಬಾರ್ ಕಡೆಗೋ, ಮಳೆಗಾಲದಲ್ಲೋ, ತಿಂಗಳುಗಟ್ಟಲೆ ಇರಲೋ ಹೋಗುವವರಿಗೆ ಬೇರೆ ಹೇಳಬಹುದು.

ಮೇಷ್ಟ್ರು ಟಿಟಿ ಇಂಜೆಕ್ಷನ್ ಹಾಕಿಸಿಕೊಂಡು ಎಷ್ಟು ವರ್ಷವಾಯಿತೋ ಅವರಿಗೇ ನೆನಪಿರಲಿಲ್ಲ. ಅದನ್ನೂ ಹಾಕಿಸಿದರು. ಮಗುವಿಗೆ ಟೈಫಾಯ್ಡ್ ಲಸಿಕೆ ಬಾಕಿ ಇತ್ತು, ಅದೂ ಮುಗಿಯಿತು. ಪಟ್ಟಿ ಹದಿನೆಂಟಕ್ಕೆ ಇಳಿಯಿತು. ನನಗೆ ಸಮಾಧಾನವಾಯಿತು. ತಯಾರಿ ಮುಗಿದ ಹಾಗೇ ಅಂದುಕೊಂಡೆ.

ಚಪ್ಪಲಿಯೊಳಗಿನ ಬೀಜ

ಮುಗಿದಿರಲಿಲ್ಲ ಅಂತ ಗೊತ್ತಾಗಿದ್ದು ಹೊಸ ವರ್ಷದ ಮೊದಲ ವಾರ. ಮೇಷ್ಟ್ರು ಇನ್ಸುಲಿನ್ ತೆಗೆದುಕೊಂಡು ಹೋಗಲು ಬಂದರು. ಬಸ್ ಸ್ಟ್ಯಾಂಡಿನಿಂದ ನಡೆದೇ ಬಂದಿದ್ದರು. ಬೆಂಚಿನ ಮೇಲೆ ಕೂತು ಎಡಗಾಲಿನ ಚಪ್ಪಲಿ ಬಿಟ್ಟರು. ಚಪ್ಪಲಿಯೊಳಗಿನಿಂದ ಒಂದು ಹುಣಸೆ ಬೀಜ ಟಪ್ ಅಂತ ಕೆಳಗೆ ಬಿತ್ತು.

ನಾನು ಅವರ ಪಾದ ನೋಡಿದೆ. ಹೆಬ್ಬೆರಳಿನ ಬುಡದಲ್ಲಿ ಬೀಜದ ಆಕಾರದ್ದೇ ಕುಳಿ ಬಿದ್ದಿತ್ತು. ಸುತ್ತ ಕೆಂಪಾಗಿತ್ತು.

“ಮೇಷ್ಟ್ರೇ, ಇದು ಚುಚ್ಚಲಿಲ್ವಾ?”

“ಯಾವುದಮ್ಮಾ?” ಅಂದರು.

ಎರಡು ಫರ್ಲಾಂಗ್ ನಡೆದಿದ್ದಾರೆ, ಗೊತ್ತೇ ಆಗಿಲ್ಲ. ಹುಣಸೆ ಬೀಜ ಎಷ್ಟು ಗಟ್ಟಿ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಅವತ್ತೇ ಸೊಸೆಗೆ ಫೋನ್ ಮಾಡಿದೆ. ಡಾಕ್ಟರ್ ಸಣ್ಣ ನೈಲಾನ್ ಎಳೆಯಿಂದ ಪಾದದ ಹತ್ತು ಕಡೆ ಮುಟ್ಟಿ ನೋಡಿದರು. ಎಡಗಾಲಲ್ಲಿ ನಾಲ್ಕು ಕಡೆ, ಬಲಗಾಲಲ್ಲಿ ಮೂರು ಕಡೆ ಮೇಷ್ಟ್ರಿಗೆ ಸ್ಪರ್ಶ ತಿಳಿಯಲಿಲ್ಲ. ಶುಗರ್‌ನಿಂದ ಕಾಲಿನ ನರ ಜಡ್ಡುಗಟ್ಟಿತ್ತು. 14 ವರ್ಷದಲ್ಲಿ ಯಾರೂ ಇದನ್ನು ಪರೀಕ್ಷೆ ಮಾಡಿರಲಿಲ್ಲ. ಅವರಿಗೆ ತಿಂಗಳು ತಿಂಗಳು ಔಷಧಿ ಕೊಡುವ ನಾನೂ ಕೇಳಿರಲಿಲ್ಲ.

ಈಗ ಯೋಚನೆ ಮಾಡಿ. ಈ ಕಾಲು ಹೋಗುತ್ತಿರುವುದು ಹವಳದ ಚೂರು ತುಂಬಿದ ದಂಡೆಗೆ. ಕಾದ ಮರಳಿಗೆ. ಹವಳ ಗೀರಿದರೆ ಗಾಯ ಚಿಕ್ಕದಾಗಿ ಕಾಣುತ್ತದೆ, ಒಳಗೆ ಸಣ್ಣ ಪುಡಿ ಉಳಿದು ಕೀವಾಗುತ್ತದೆ. ಬೆಚ್ಚಗಿನ ಸಮುದ್ರದ ನೀರಿನಲ್ಲಿ ವಿಬ್ರಿಯೊ ಜಾತಿಯ ಬ್ಯಾಕ್ಟೀರಿಯಾ ಇರುತ್ತವೆ. ತೆರೆದ ಗಾಯದೊಳಗೆ ಅವು ಸೇರಿದರೆ ಶುಗರ್ ಇರುವವರಿಗೆ, ಲಿವರ್ ಕಾಯಿಲೆ ಇರುವವರಿಗೆ ಪರಿಸ್ಥಿತಿ ಬೇಗ ಕೆಡಬಹುದು. ನಮ್ಮ ಹದಿನೆಂಟು ಐಟಂ ಪಟ್ಟಿಯಲ್ಲಿ ಕಾಲಿಗೆ ಅಂತ ಇದ್ದದ್ದು ಒಂದು ಬ್ಯಾಂಡೇಜ್ ಡಬ್ಬಿ.

ಅಲ್ಲಿಂದ ತಯಾರಿಯ ದಿಕ್ಕೇ ಬದಲಾಯಿತು. ಅಲ್ಲಿಯವರೆಗೆ ಅಂಡಮಾನ್‌ನಲ್ಲಿ ಏನೇನು ಅಪಾಯ ಇದೆ ಅಂತ ಹುಡುಕುತ್ತಿದ್ದೆವು. ಈಗ ಇವರು ಇಲ್ಲಿಂದ ಏನೇನು ಹೊತ್ತುಕೊಂಡು ಹೋಗುತ್ತಿದ್ದಾರೆ ಅಂತ ನೋಡಲು ಶುರು ಮಾಡಿದೆವು. ಕಾಯಿಲೆಗಳು ಸರಿ, ಅಭ್ಯಾಸಗಳು ಕೂಡ. ಸೊಸೆ ಒಂದು ನೋಟ್‌ಬುಕ್ ಇಟ್ಟಳು, ಒಬ್ಬೊಬ್ಬರಿಗೆ ಒಂದೊಂದು ಪುಟ.

ಮಡಕೆಯ ಪರೀಕ್ಷೆ

ಮೇಷ್ಟ್ರ ಪುಟದಲ್ಲಿ ಎರಡನೆಯದು ಇನ್ಸುಲಿನ್. ಬೇಸಿಗೆಯಲ್ಲಿ ಕರೆಂಟ್ ಹೋದಾಗ ಅವರು ಇನ್ಸುಲಿನ್ ಬಾಟಲಿಯನ್ನು ಚಿಕ್ಕ ಮಣ್ಣಿನ ಕುಡಿಕೆಯಲ್ಲಿಟ್ಟು, ಸುತ್ತ ಒದ್ದೆ ಬಟ್ಟೆ ಕಟ್ಟುತ್ತಾರೆ. ಒಳ್ಳೆಯ ಉಪಾಯ. ನಾನೂ ಎಷ್ಟೋ ಜನರಿಗೆ ಹೇಳಿಕೊಟ್ಟಿದ್ದೇನೆ. “ಅಲ್ಲೂ ಇದನ್ನೇ ಮಾಡ್ತೀನಿ, ಫ್ರಿಜ್ ಯಾಕೆ” ಅಂದರು.

ಕುಡಿಕೆ ತಂಪಾಗುವುದು ನೀರು ಆವಿಯಾದಾಗ. ಗಾಳಿ ಒಣಗಿದ್ದರೆ ಮಾತ್ರ ಅದು ನಡೆಯುತ್ತದೆ. ದ್ವೀಪದ ಗಾಳಿಯಲ್ಲಿ ಆಗಲೇ ತೇವ ತುಂಬಿರುತ್ತದೆ, ಇನ್ನಷ್ಟು ಕುಡಿಯಲು ಜಾಗ ಇರುವುದಿಲ್ಲ. ಬಾಯಲ್ಲಿ ಹೇಳಿದರೆ ಮೇಷ್ಟ್ರು ಒಪ್ಪುವವರಲ್ಲ. ವಿಜ್ಞಾನ ಪಾಠ ಮಾಡಿದವರು, ಮಾಡಿಯೇ ನೋಡಬೇಕು. ಮೊಮ್ಮಗಳನ್ನು ಜೊತೆಗಿಟ್ಟುಕೊಂಡು ಒಂದು ಭಾನುವಾರ ಪ್ರಯೋಗ ಮಾಡಿದರು. ಒಂದು ಕುಡಿಕೆ ಮಹಡಿಯ ನೆರಳಿನಲ್ಲಿ. ಇನ್ನೊಂದು, ಬಿಸಿನೀರು ಬಿಟ್ಟು ಬಾಗಿಲು ಮುಚ್ಚಿದ ಬಚ್ಚಲುಮನೆಯಲ್ಲಿ. ಎರಡರಲ್ಲೂ ಒಂದೊಂದು ಥರ್ಮಾಮೀಟರ್. ಎರಡು ಗಂಟೆ ಬಿಟ್ಟು ನೋಡಿದಾಗ ಮಹಡಿಯಲ್ಲಿ ಹೊರಗೆ 28 ಡಿಗ್ರಿ, ಕುಡಿಕೆಯೊಳಗೆ 23. ಬಚ್ಚಲಿನಲ್ಲಿ ಹೊರಗೆ 29, ಒಳಗೂ ಹೆಚ್ಚುಕಮ್ಮಿ ಅಷ್ಟೇ. ಮೇಷ್ಟ್ರು ಮರುದಿನ ಅಂಗಡಿಗೆ ಬಂದು ಲೆಕ್ಕ ಹೇಳಿ, “ಕುಡಿಕೆ ಕೋಲಾರದ್ದು ಕಣಮ್ಮಾ” ಅಂದರು.

ಹಾಗಾಗಿ ಅಗಲ ಬಾಯಿಯ ಥರ್ಮಾಸ್ ಫ್ಲಾಸ್ಕ್, ಟವೆಲ್‌ನಲ್ಲಿ ಸುತ್ತಿದ ಜೆಲ್ ಪ್ಯಾಕ್. ಜೆಲ್ ಪ್ಯಾಕ್ ಇನ್ಸುಲಿನ್‌ಗೆ ನೇರವಾಗಿ ತಾಗಬಾರದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಪ್ರಯೋಜನಕ್ಕೆ ಬರುವುದಿಲ್ಲ. ಅದೇ ಕಾರಣಕ್ಕೆ ವಿಮಾನದಲ್ಲಿ ಅದನ್ನು ಲಗೇಜಿಗೆ ಹಾಕಬಾರದು, ಕೈಚೀಲದಲ್ಲೇ ಇರಬೇಕು, ಜೊತೆಗೆ ಡಾಕ್ಟರ್ ಚೀಟಿ. ಬಳಕೆಯಲ್ಲಿರುವ ಇನ್ಸುಲಿನ್ 30 ಡಿಗ್ರಿಯೊಳಗೆ ಇದ್ದರೆ ಸುಮಾರು ನಾಲ್ಕು ವಾರ ತಡೆಯುತ್ತದೆ. ಫ್ರಿಜ್ ಬೇಕಾಗುವುದು ಹೆಚ್ಚುವರಿಯಾಗಿ ಒಯ್ದದ್ದಕ್ಕೆ. ಲಾಡ್ಜಿಗೆ ಮೊದಲೇ ಫೋನ್ ಮಾಡಿ ಫ್ರಿಜ್‌ನ ಬಾಗಿಲಲ್ಲಿ ಜಾಗ ಕೇಳಿಕೊಂಡರು. ಇದ್ದ ಸ್ಟಾಕನ್ನು ಎರಡು ಭಾಗ ಮಾಡಿ ಮಗನ ಚೀಲದಲ್ಲಿ ಅರ್ಧ, ಸೊಸೆಯ ಚೀಲದಲ್ಲಿ ಅರ್ಧ.

ಔಷಧಿ ಎಷ್ಟು ದಿನಕ್ಕೆ ಒಯ್ಯಬೇಕು ಅನ್ನುವುದಕ್ಕೆ ಚರ್ಚೆಯೇ ನಡೆಯಲಿಲ್ಲ. 2016ರ ಡಿಸೆಂಬರ್‌ನಲ್ಲಿ ಚಂಡಮಾರುತ ಬಂದು ಹ್ಯಾವ್‌ಲಾಕ್, ನೀಲ್ ದ್ವೀಪಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ದಿನಗಟ್ಟಲೆ ಸಿಕ್ಕಿಹಾಕಿಕೊಂಡಿದ್ದರು. ನೌಕಾಪಡೆಯ ಹಡಗುಗಳು ಹೋಗಬೇಕಾಯಿತು. ಆರು ರಾತ್ರಿಗೆ ಹೊರಟವರಿಗೆ ಹನ್ನೆರಡು ದಿನದ ಔಷಧಿ ಕಟ್ಟಿದೆ. (ಆ ಎರಡು ದ್ವೀಪಗಳಿಗೆ 2018ರಿಂದ ಸ್ವರಾಜ್ ದ್ವೀಪ, ಶಹೀದ್ ದ್ವೀಪ ಅಂತ ಹೆಸರು. ಪೋರ್ಟ್ ಬ್ಲೇರ್ 2024ರಲ್ಲಿ ಶ್ರೀ ವಿಜಯಪುರಂ ಆಯಿತು. ಟಿಕೆಟ್ ಮಾಡಿಸುವಾಗ ಎರಡೂ ಹೆಸರು ಬರುತ್ತದೆ, ಗಾಬರಿ ಬೇಡ.)

ಉಳಿದವರ ಪುಟಗಳು

ಅಜ್ಜಿಯ ಪುಟದಲ್ಲಿ ಒಂದೇ ಸಾಲು: ಪ್ರಯಾಣದಲ್ಲಿ ನೀರು ಕುಡಿಯುವುದಿಲ್ಲ. ಯಾಕೆ ಅಂತ ಹೆಂಗಸರಿಗೆ ಹೇಳಬೇಕಾಗಿಲ್ಲ, ಅಲ್ವಾ? ಬಸ್ಸಲ್ಲಿ ಹೋಗುವಾಗ ಶೌಚಾಲಯದ ಚಿಂತೆ. ಅವರು ತೆಗೆದುಕೊಳ್ಳುವ ಬಿಪಿ ಮಾತ್ರೆಯೋ ಮೂತ್ರ ಹೆಚ್ಚು ಮಾಡುವಂಥದ್ದು. ಸೆಕೆಯ ಊರಿನಲ್ಲಿ ಬೆವರು ಸುರಿದು, ನೀರು ಕುಡಿಯದೆ, ಮೇಲೆ ಈ ಮಾತ್ರೆ ಅಂದರೆ ತಲೆ ಸುತ್ತಿ ಬೀಳುವುದು ಖಂಡಿತ. ಹಡಗಿನಲ್ಲಿ ಶೌಚಾಲಯ ಇದೆ ಅಂತ ಸೊಸೆ ವಿಚಾರಿಸಿ ತಿಳಿಸಿದ ಮೇಲೆ ಅರ್ಧ ಸಮಸ್ಯೆ ಮುಗಿಯಿತು. ಮಾತ್ರೆಯ ವಿಷಯ ಡಾಕ್ಟರ್‌ಗೆ ಬಿಟ್ಟೆವು.

ಮಗನ ಪುಟ ಸ್ವಲ್ಪ ಜಗಳದ್ದು. “ನಾನು ಎಂಟನೇ ವಯಸ್ಸಿಗೆ ತೋಟದ ಬಾವಿಗೆ ಮೇಲಿನಿಂದ ಧುಮುಕಿದವನು” ಅನ್ನುವುದು ಅವನ ವಾದ. ನಿಜವೇ, ನಮ್ಮ ಕಡೆ ಬಾವಿಯಲ್ಲಿ ಈಜು ಕಲಿತವರಿಗೆ ಉಸಿರು ಗಟ್ಟಿ, ಧೈರ್ಯ ಜಾಸ್ತಿ. ಆದರೆ ಬಾವಿಗೆ ನಾಲ್ಕು ಗೋಡೆ ಇರುತ್ತದೆ. ಯಾವ ಕಡೆ ನಾಲ್ಕು ಬಾರಿ ಕೈ ಬೀಸಿದರೂ ಕಲ್ಲು ಸಿಗುತ್ತದೆ. ಬಾವಿಯ ನೀರು ನಿಮ್ಮನ್ನು ಎಲ್ಲಿಗೂ ಎಳೆದುಕೊಂಡು ಹೋಗುವುದಿಲ್ಲ. ಸಮುದ್ರದಲ್ಲಿ ಒಳಕ್ಕೆ ಎಳೆಯುವ ಸೆಳೆತ ಸಿಕ್ಕಿದರೆ ಅದಕ್ಕೆ ಎದುರಾಗಿ ಈಜಿ ಸುಸ್ತಾಗಬಾರದು, ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬರಬೇಕು. ನಾನು ಹೇಳಿದ್ದು ಇನ್ನೊಂದು ಸಣ್ಣ ವಿಷಯ: “ದಡದಲ್ಲಿ ನಿನ್ನ ಚಪ್ಪಲಿ ಎಲ್ಲಿ ಬಿಟ್ಟಿದ್ದೀಯ ನೋಡ್ಕೋ. ಐದು ನಿಮಿಷಕ್ಕೊಮ್ಮೆ ತಿರುಗಿ ನೋಡು. ಚಪ್ಪಲಿ ಪಕ್ಕಕ್ಕೆ ಸರಿದ ಹಾಗೆ ಕಂಡರೆ ಸರಿದಿರೋದು ಚಪ್ಪಲಿ ಅಲ್ಲ.” ನಕ್ಕ.

ಮೊಸಳೆಯ ವಿಷಯಕ್ಕೂ ನಕ್ಕಿದ್ದ. ಅಂಡಮಾನ್‌ನಲ್ಲಿರುವುದು ಉಪ್ಪುನೀರಿನ ಮೊಸಳೆ, ಕೊಲ್ಲಿಗಳಲ್ಲಿ, ಕಾಂಡ್ಲಾ ಕಾಡಿನ ಪಕ್ಕದ ತೊರೆಗಳಲ್ಲಿ ಇರುತ್ತದೆ. 2010ರಲ್ಲಿ ರಾಧಾನಗರದ ಹತ್ತಿರವೇ ನೀರಿಗಿಳಿದಿದ್ದ ಒಬ್ಬ ವಿದೇಶಿ ಪ್ರವಾಸಿಯನ್ನು ಮೊಸಳೆ ಕೊಂದಿತ್ತು. ಅದನ್ನು ತಿಳಿದ ಮೇಲೆ, ಬೋರ್ಡ್ ಹಾಕಿರುವ ಕಡೆ, ಸ್ಥಳೀಯರು ಇಳಿಯದ ಕಡೆ ಇಳಿಯುವುದಿಲ್ಲ ಅಂತ ಒಪ್ಪಿಕೊಂಡ. ಸ್ಕೂಬಾ ಮಾಡುವ ಆಸೆ ಇತ್ತು, ಅದನ್ನು ಕೊನೆಯ ದಿನಕ್ಕೆ ಇಟ್ಟಿದ್ದ. ಡೈವಿಂಗ್ ಆದ ಮೇಲೆ ವಿಮಾನ ಹತ್ತಲು ಕನಿಷ್ಠ 18 ಗಂಟೆ, ಸಾಧ್ಯವಾದರೆ 24 ಗಂಟೆ ಬಿಡಬೇಕು. ಇಲ್ಲದಿದ್ದರೆ ಮೈಯೊಳಗೆ ಸೇರಿದ ನೈಟ್ರೋಜನ್ ಗುಳ್ಳೆಯಾಗಿ ತೊಂದರೆ ಕೊಡುತ್ತದೆ. ಸ್ಕೂಬಾ ಮೂರನೇ ದಿನಕ್ಕೆ ಬಂತು. ಸೊಸೆಗೆ ಚಿಕ್ಕಂದಿನಲ್ಲಿ ವೀಸಿಂಗ್ ಇತ್ತು, ಅವಳು ಅಲ್ಲಿಯ ಫಾರಂನಲ್ಲಿ ನಿಜ ಬರೆದಳು, ಡಾಕ್ಟರ್ ಪತ್ರ ಇಲ್ಲದೆ ಆಗಲ್ಲ ಅಂದರು. ಬೇಜಾರಾಯಿತಂತೆ. ಆಗಲಿ ಬಿಡಿ.

ಮೊಮ್ಮಗಳ ಪುಟದಲ್ಲಿ ಸೊಳ್ಳೆ ಕ್ರೀಮ್, ಉದ್ದ ತೋಳಿನ ಅಂಗಿ, ಕತ್ತರಿಸಿದ ಉಗುರು. ದಂಡೆಯಲ್ಲಿ ಬೆಳಿಗ್ಗೆ, ಸಂಜೆ ಮರಳು ನೊಣ ಕಚ್ಚುತ್ತವೆ, ಕೆರೆದು ಕೆರೆದು ಗಾಯ ಮಾಡಿಕೊಳ್ಳುವುದು ಮಕ್ಕಳೇ. ಸನ್‌ಸ್ಕ್ರೀನ್ ಮೊದಲು, ಸೊಳ್ಳೆ ಕ್ರೀಮ್ ಅದರ ಮೇಲೆ.

ಬಿಸಿಲಿನ ವಿಷಯದಲ್ಲಿ ಮೇಷ್ಟ್ರೇ ಒಂದು ಲೆಕ್ಕ ತೆಗೆದರು. ಗಡಿಯಾರ ನಮ್ಮದೇ, ಆದರೆ ಅಂಡಮಾನ್ ಕೋಲಾರಕ್ಕಿಂತ ಸುಮಾರು ಹದಿನಾಲ್ಕೂವರೆ ಡಿಗ್ರಿ ಪೂರ್ವಕ್ಕಿದೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಸೂರ್ಯ ಹತ್ತಿರ ಹತ್ತಿರ ಒಂದು ಗಂಟೆ ಮುಂದೆ. ಅಂದರೆ ಅಲ್ಲಿಯ ಹತ್ತು ಗಂಟೆಯ ಬಿಸಿಲು ಇಲ್ಲಿಯ ಹನ್ನೊಂದರದ್ದು. “ಹನ್ನೊಂದರಿಂದ ಮೂರು ಹೊರಗೆ ಬೇಡ” ಅಂತ ನಾನು ಬರೆದಿದ್ದನ್ನು ಅವರು ಕೆಂಪು ಪೆನ್ನಿನಲ್ಲಿ ಹತ್ತರಿಂದ ಎರಡು ಅಂತ ತಿದ್ದಿದರು. ಸಂಜೆ ಐದೂವರೆಗೆಲ್ಲ ಕತ್ತಲಾಗುತ್ತದೆ ಅಂತ ಕೆಳಗೆ ಬರೆದರು.

ಆಸ್ಪತ್ರೆಯ ವಿಷಯ ಒಂದು ಪುಟ ಬೇರೆಯೇ ಆಯಿತು. ದೊಡ್ಡ ಆಸ್ಪತ್ರೆ ಶ್ರೀ ವಿಜಯಪುರಂನ ಜಿ.ಬಿ. ಪಂತ್. ಸ್ವರಾಜ್ ದ್ವೀಪದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರ. ನಡುವೆ ಸಮುದ್ರ. ಕೋಲಾರದಿಂದ ಬೆಂಗಳೂರಿನ ಆಸ್ಪತ್ರೆಗೂ ಒಂದೂವರೆ ಗಂಟೆ ಬೇಕು, ಆದರೆ ನಡುರಾತ್ರಿಯಲ್ಲೂ ಕಾರು ಹೊರಡುತ್ತದೆ. ಅಲ್ಲಿ ಪ್ರವಾಸಿ ಹಡಗು ರಾತ್ರಿ ಇಲ್ಲ. ಅದಕ್ಕೇ ಒಂದು ನಿಯಮ ಮಾಡಿದೆವು: ಏನೇ ಅನುಮಾನ ಬಂದರೂ ಬೆಳಿಗ್ಗೆಯೇ ತೋರಿಸುವುದು, ಸಂಜೆಗೆ ನೋಡೋಣ ಅನ್ನುವುದಿಲ್ಲ. ತುರ್ತಿಗೆ 112. 2004ರ ಡಿಸೆಂಬರ್ 26ರ ಸುನಾಮಿ ಈ ದ್ವೀಪಗಳನ್ನೂ ಹೊಡೆದಿತ್ತು. ನೆಲ ಜೋರಾಗಿ ಅಲುಗಿದರೆ, ಸಮುದ್ರ ಇದ್ದಕ್ಕಿದ್ದ ಹಾಗೆ ಹಿಂದೆ ಸರಿದರೆ ಎತ್ತರಕ್ಕೆ ಓಡುವುದು ಅಂತ ಮಗುವಿಗೂ ಹೇಳಿಕೊಟ್ಟರು.

ಇನ್ನು ಕಾಲು. ನೀರಿನಲ್ಲಿ ಹಾಕುವ ಶೂ ಕೋಲಾರದಲ್ಲಿ ಸಿಗಲಿಲ್ಲ. ಶಾಲೆಯ ಮಕ್ಕಳು ಹಾಕುವಂಥ ಬಿಳಿ ಕ್ಯಾನ್ವಾಸ್ ಶೂ, ಒಂದು ಸೈಜ್ ದೊಡ್ಡದು, ಎರಡು ಜೊತೆ ಕೊಂಡರು. ಕೋಣೆಯೊಳಗೂ ಬರಿಗಾಲು ಇಲ್ಲ. ಮೀನಿನ ಮುಳ್ಳು ಚುಚ್ಚಿದರೆ ತಡೆಯುವಷ್ಟು ಬಿಸಿಯ ನೀರಿನಲ್ಲಿ ಕಾಲಿಡಬೇಕು ಅಂತ ಎಲ್ಲ ಕಡೆ ಬರೆದಿರುತ್ತದೆ. ಮೇಷ್ಟ್ರ ಕಾಲಿಗೆ ಬಿಸಿಯೇ ತಿಳಿಯುವುದಿಲ್ಲ, ಬೆಂದರೂ ಗೊತ್ತಾಗುವುದಿಲ್ಲ. ಹಾಗಾದರೆ ನೀರನ್ನು ಸೊಸೆ ಕೈ ಹಾಕಿ ನೋಡಬೇಕು ಅಂತ ಬರೆದೆವು. ದಿನಾ ರಾತ್ರಿ ಟಾರ್ಚ್ ಹಾಕಿ ತಾತನ ಪಾದ, ಬೆರಳ ಸಂದಿ ನೋಡುವ ಕೆಲಸ ಮೊಮ್ಮಗಳಿಗೆ. ಸಂಬಳ ದಿನಕ್ಕೆ ಒಂದು ರೂಪಾಯಿ. ಇದು ಸೊಸೆಯ ಐಡಿಯಾ. ದೊಡ್ಡವರು ನೋಡಲು ಹೋದರೆ ಮೇಷ್ಟ್ರು ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರಂತೆ.

ಅಲ್ಲಿ ನಡೆದದ್ದು

ಎರಡನೇ ದಿನ ಬೆಳಿಗ್ಗೆ ಸ್ವರಾಜ್ ದ್ವೀಪಕ್ಕೆ ಹಡಗು. ಎಲ್ಲರೂ ನಾಲ್ಕೂವರೆಗೆ ಎದ್ದರು. ಮೇಷ್ಟ್ರು ಐದೂವರೆಗೆ ಇನ್ಸುಲಿನ್ ಹಾಕಿಕೊಂಡು, ಆರಕ್ಕೆ ಎರಡು ಇಡ್ಲಿ ತಿಂದರು. ಎಲ್ಲರಿಗೂ ವಾಂತಿ ಬರದ ಹಾಗೆ ಮಾತ್ರೆ ಕೊಟ್ಟಿದ್ದೆ, ಹಡಗು ಹತ್ತುವ ಒಂದೆರಡು ಗಂಟೆ ಮೊದಲೇ ನುಂಗಬೇಕು ಅಂತಲೂ ಬರೆದಿದ್ದೆ. ಮೇಷ್ಟ್ರು ನುಂಗಲಿಲ್ಲ. “ಬಸ್ಸಲ್ಲಿ ಮದ್ರಾಸಿಗೆ ಹೋಗಿ ಬಂದವನು ನಾನು, ಯಾವತ್ತೂ ವಾಂತಿ ಆಗಿಲ್ಲ.”

ಹಡಗು ಬಂದರು ದಾಟಿ ತೆರೆದ ಸಮುದ್ರಕ್ಕೆ ಬಂದು ಅರ್ಧ ಗಂಟೆಯೊಳಗೆ ಎರಡು ಇಡ್ಲಿಯೂ ಹೊರಗೆ ಬಂತು. ಅವರು ಸೀಟಿಗೆ ಒರಗಿದರು. ಮುಖ ಬಿಳಿಚಿಕೊಂಡಿತ್ತು, ಬೆವರು ಹರಿಯುತ್ತಿತ್ತು. ಪಕ್ಕದ ಸೀಟಿನವರದೂ ಅದೇ ಸ್ಥಿತಿ. ಹಡಗಿನ ಹುಡುಗ ಕವರ್ ಕೊಟ್ಟು, “ಸೀ ಸಿಕ್‌ನೆಸ್, ಮಲಗಿದ್ರೆ ಸರಿಹೋಗುತ್ತೆ” ಅಂತ ಹಿಂದಿಯಲ್ಲಿ ಹೇಳಿ ಮುಂದೆ ಹೋದ. ಮಗನೂ ಹೂಂ ಅಂದ.

ಸೊಸೆ ಮಾತ್ರ ಮಲಗಲು ಬಿಡಲಿಲ್ಲ. ನೋಟ್‌ಬುಕ್ಕಿನ ಮೇಷ್ಟ್ರ ಪುಟದಲ್ಲಿ ಮೊದಲ ಸಾಲು, “ಬೆವರಿದರೆ ಮೊದಲು ಚುಚ್ಚಿ ನೋಡು.” ಬೆವರು, ಹೊಟ್ಟೆ ತೊಳೆಸುವುದು, ಬಿಳಿಚಿಕೊಳ್ಳುವುದು ಸಮುದ್ರದ ವಾಂತಿಯಲ್ಲೂ ಇರುತ್ತದೆ, ಶುಗರ್ ಇಳಿದಾಗಲೂ ಇರುತ್ತದೆ. ಮುಖ ನೋಡಿ ಯಾವುದು ಅಂತ ಹೇಳಲು ಆಗುವುದಿಲ್ಲ. ದೊಡ್ಡ ಲಗೇಜನ್ನು ಹಡಗಿನವರು ಹತ್ತುವಾಗಲೇ ತೆಗೆದುಕೊಂಡು ಒಂದು ಕಡೆ ಜೋಡಿಸಿಟ್ಟಿದ್ದರು. ರಕ್ತದ ಶುಗರ್ ನೋಡುವ ಗ್ಲುಕೋಮೀಟರ್ ಅವಳ ಹೆಗಲ ಚೀಲದಲ್ಲಿತ್ತು. ಚುಚ್ಚಿದಳು. ಶುಗರ್ 58, ತುಂಬಾ ಕಡಿಮೆ.

ಮೂರು ಟೀ ಚಮಚ ಗ್ಲೂಕೋಸ್ ಪುಡಿಯನ್ನು ಅರ್ಧ ಲೋಟ ನೀರಿನಲ್ಲಿ ಕಲಸಿ ಚಮಚ ಚಮಚವಾಗಿ ಕುಡಿಸಿದಳು. ಗಟಗಟ ಕುಡಿಸಿದ್ದರೆ ಅದೂ ಹೊರಗೆ ಬರುತ್ತಿತ್ತು. ಹದಿನೈದು ನಿಮಿಷಕ್ಕೆ 71. ಇನ್ನೊಮ್ಮೆ ಕುಡಿಸಿ, ಮತ್ತೆ ಹದಿನೈದು ನಿಮಿಷಕ್ಕೆ 96. ಇಳಿಯುವ ಹೊತ್ತಿಗೆ ಮೇಷ್ಟ್ರು ಬಿಸ್ಕತ್ತು ತಿನ್ನುತ್ತಾ ಕಿಟಕಿಯಿಂದ ಹಾರುಮೀನು ತೋರಿಸುತ್ತಿದ್ದರಂತೆ.

ಈ ಭಾಗವನ್ನು ನಾನು ಹಲವು ಸಲ ಮನಸ್ಸಿನಲ್ಲೇ ತಿರುವಿ ಹಾಕಿದ್ದೇನೆ. ಪಟ್ಟಿಯಲ್ಲಿ ವಾಂತಿ ಮಾತ್ರೆ ಇತ್ತು. ಇನ್ಸುಲಿನ್ ಇತ್ತು. ಗ್ಲೂಕೋಸ್ ಇತ್ತು. ಮೂರೂ ಬೇರೆ ಬೇರೆ ಸಾಲಿನಲ್ಲಿದ್ದವು. ಇನ್ಸುಲಿನ್ ಹಾಕಿಕೊಂಡ ಮೇಲೆ ತಿಂದದ್ದು ವಾಂತಿಯಾದರೆ ಏನಾಗುತ್ತದೆ ಅಂತ ನಾನು ಸೇರಿಸಿ ಯೋಚಿಸಿರಲಿಲ್ಲ. ಆ ಮಾತ್ರೆಯನ್ನು ಉಳಿದ ನಾಲ್ವರಿಗೆ ಸುಖಕ್ಕೆ ಕೊಟ್ಟಿದ್ದೆ. ಮೇಷ್ಟ್ರಿಗೆ ಅದು ಇನ್ಸುಲಿನ್ನಿನಷ್ಟೇ ಮುಖ್ಯ ಅಂತ ಹೇಳಬೇಕಿತ್ತು. ಹೇಳಿದ್ದರೆ ಅವರು ಖಂಡಿತ ನುಂಗುತ್ತಿದ್ದರು. ಇದರಲ್ಲಿ ತಪ್ಪು ನನ್ನದು, ಮದ್ರಾಸ್ ಬಸ್ಸಿನದಲ್ಲ.

ಮೂರನೇ ದಿನ ರಾತ್ರಿ ಟಾರ್ಚ್ ಡ್ಯೂಟಿಯಲ್ಲಿದ್ದ ಮೊಮ್ಮಗಳು, “ತಾತಾ, ಇಲ್ಲಿ ನೀರು ತುಂಬಿದೆ” ಅಂದಳು. ಬಲಗಾಲ ಹಿಮ್ಮಡಿಯ ಮೇಲೆ ಅಡಕೆ ಗಾತ್ರದ ನೀರುಗುಳ್ಳೆ. ಹವಳ ಅಲ್ಲ, ಮುಳ್ಳಲ್ಲ. ನಾವು ಕಾಲು ಕಾಯಲೆಂದು ಕೊಂಡ ಕ್ಯಾನ್ವಾಸ್ ಶೂ ಒದ್ದೆಯಾಗಿ ಉಜ್ಜಿದ್ದು. ಒಂದು ಸೈಜ್ ದೊಡ್ಡದು ತೆಗೆದುಕೊಂಡಿದ್ದೂ ತಪ್ಪು, ಒಳಗೆ ಕಾಲು ಜಾರಾಡುತ್ತಿತ್ತು. ಮೇಷ್ಟ್ರಿಗೆ ನೋವೇ ಇಲ್ಲ. ಮಗು ನೋಡದಿದ್ದರೆ ಮರುದಿನ ಅದೇ ಶೂ ಹಾಕಿ ಗುಳ್ಳೆ ಒಡೆದು, ಅದೇ ಕಾಲನ್ನು ಸಮುದ್ರದ ನೀರಿಗಿಡುತ್ತಿದ್ದರು.

ರಾತ್ರಿಯೇ ಫೋಟೋ ಕಳಿಸಿದರು, ನೆಟ್‌ವರ್ಕ್ ಸಿಕ್ಕಿ ಅದು ನಮಗೆ ತಲುಪಿದಾಗ ಹನ್ನೊಂದಾಗಿತ್ತು. ಬೆಳಿಗ್ಗೆಯೇ ತೋರಿಸುವ ನಿಯಮ ಇತ್ತಲ್ಲ, ಅದರಂತೆ ಆರೋಗ್ಯ ಕೇಂದ್ರಕ್ಕೆ ಹೋದರು. ಗುಳ್ಳೆ ಒಡೆಯದೆ, ಸ್ವಚ್ಛ ಮಾಡಿ ಒಣ ಬ್ಯಾಂಡೇಜ್ ಹಾಕಿದರು. ಉಳಿದ ದಿನ ಸಮುದ್ರಕ್ಕೆ ಇಳಿಯುವುದು ಬೇಡ ಅಂದರು. ಮೇಷ್ಟ್ರು ಮೂರು ದಿನ ಹಳೆಯ ಚಪ್ಪಲಿ ಹಾಕಿಕೊಂಡು ಮರದ ಕೆಳಗೆ ಕೂತು ಉಬ್ಬರ ಇಳಿತದ ಹೊತ್ತು ಬರೆದಿಟ್ಟರು. ಆ ಕಾಗದ ನನಗೂ ತೋರಿಸಿದ್ದಾರೆ. ಸಿಟ್ಟಂತೂ ಇತ್ತು, ಶೂ ಮೇಲೆ.

ಮಗನ ಚಪ್ಪಲಿಯ ವಿಷಯ. ರಾಧಾನಗರದಲ್ಲಿ ಎದೆಮಟ್ಟದ ನೀರಿನಲ್ಲಿ ಇದ್ದ. ಜೀವರಕ್ಷಕರು ಇದ್ದರು, ಅಲೆಯೂ ಜೋರಿರಲಿಲ್ಲ. ತಿರುಗಿ ನೋಡಿದರೆ ಎದುರಿಗೆ ಇರಬೇಕಾದ ಚಪ್ಪಲಿ, ಪಕ್ಕದಲ್ಲಿ ಕೂತಿದ್ದ ಅಮ್ಮ, ಇಬ್ಬರೂ ಬಹಳ ಎಡಕ್ಕೆ. ಸಮುದ್ರ ಅವನಿಗೆ ತಿಳಿಯದ ಹಾಗೆ ಪಕ್ಕಕ್ಕೆ ಒಯ್ದಿತ್ತು. ಸುಮ್ನೆ ಹೊರಗೆ ಬಂದ. “ಬಾವಿ ಅಲ್ಲ ಅಕ್ಕಾ ಅದು” ಅಂತ ಬಂದ ಮೇಲೆ ಒಂದೇ ಮಾತು ಹೇಳಿದ.

ಅಜ್ಜಿಗೆ ಒಂದು ಮಧ್ಯಾಹ್ನ ತಲೆ ಸುತ್ತಿತು, ಓಆರ್‌ಎಸ್ ಕುಡಿದು ಮಲಗಿ ಎದ್ದರು. ಅಷ್ಟೇ.

ಬಂದ ಮೇಲೆ

ಊರಿಗೆ ಬಂದು ಎಂಟನೇ ದಿನ ಸೊಸೆಗೆ ಜ್ವರ ಬಂತು, 101. ಫೆಬ್ರವರಿಯಲ್ಲಿ ಕೋಲಾರದ ಯಾವ ಕ್ಲಿನಿಕ್ಕಿಗೆ ಹೋದರೂ ಮೊದಲು ವೈರಲ್ ಅಂತಲೇ ಅಂದುಕೊಳ್ಳುತ್ತಾರೆ. ಹದಿನೈದು ದಿನದಲ್ಲಿ ಎಲ್ಲಿಗೆ ಹೋಗಿದ್ರಿ ಅಂತ ಕೇಳುವುದು ಕಡಿಮೆ. ಹಾಗಾಗಿ ಅವಳ ಫೈಲಿನ ಮೇಲೆಯೇ ಚೀಟಿ ಅಂಟಿಸಿ ಕಳಿಸಿದ್ದೆ: ಅಂಡಮಾನ್, ಇಷ್ಟರಿಂದ ಇಷ್ಟು ತಾರೀಖು. ಅದನ್ನು ನೋಡಿ ಡಾಕ್ಟರ್ ಮಲೇರಿಯಾ, ಡೆಂಗಿ ಎರಡಕ್ಕೂ ರಕ್ತ ತೆಗೆಸಿದರು. ಕೆಸರು ನೀರಿನಲ್ಲಿ ನಡೆದಿದ್ದಿರಾ, ಕಾಲಲ್ಲಿ ಗಾಯ ಇತ್ತಾ ಅಂತಲೂ ಕೇಳಿದರು. ಇಲಿ ಜ್ವರದ ಅನುಮಾನಕ್ಕೆ. ಅದು ಇಲಿ, ದನಗಳ ಮೂತ್ರ ಸೇರಿದ ನೀರಿನಿಂದ, ಗಾಯದ ಮೂಲಕ ಮೈಸೇರುವ ಕಾಯಿಲೆ, ಅಂಡಮಾನ್‌ಗೆ ಹಳೆಯದು. ರಕ್ತದ ವರದಿಯಲ್ಲಿ ಏನೂ ಸಿಗಲಿಲ್ಲ, ಮೂರನೇ ದಿನಕ್ಕೆ ಜ್ವರ ಬಿಟ್ಟಿತು. ಕೊನೆಗೆ ವೈರಲ್ಲೇ ಇರಬೇಕು. ಆದರೂ ಚೀಟಿ ಅಂಟಿಸಿದ್ದಕ್ಕೆ ನನಗೆ ಬೇಸರವಿಲ್ಲ. ಮಲೇರಿಯಾದಲ್ಲಿ ಕೆಲವು ಬಗೆ ತಿಂಗಳುಗಳ ನಂತರವೂ ಕಾಣಿಸಿಕೊಳ್ಳುತ್ತದೆ, ಅದಕ್ಕೆ ಆ ಚೀಟಿಯನ್ನು ಇನ್ನೂ ಕಿ‌ತ್ತಿಲ್ಲ.

ಮೇಷ್ಟ್ರ ಗುಳ್ಳೆ ಒಣಗಲು ಹದಿನೆಂಟು ದಿನ ಹಿಡಿಯಿತು. ನಲವತ್ತು ಐಟಂ ಪಟ್ಟಿಯಿಂದ ನಾವು ಕಳೆದದ್ದರಲ್ಲಿ ಒಂದೂ ಬೇಕಾಗಲಿಲ್ಲ. ಒಯ್ದದ್ದರಲ್ಲಿ ನಿಜವಾಗಿ ಕೆಲಸ ಮಾಡಿದ್ದು ಗ್ಲುಕೋಮೀಟರ್, ಗ್ಲೂಕೋಸ್ ಪುಡಿ, ಟಾರ್ಚ್, ನೋಟ್‌ಬುಕ್. ನಾಲ್ಕರಲ್ಲಿ ಎರಡು ನನ್ನ ಅಂಗಡಿಯವೇ ಅಲ್ಲ.

ಈಗ ನನ್ನ ಕೌಂಟರಿನಲ್ಲಿ ಒಂದು ಬದಲಾವಣೆ ಇದೆ. ಯಾರಾದರೂ ಟ್ರಿಪ್ಪಿಗೆ ಔಷಧಿ ಬೇಕು ಅಂದರೆ ಎಲ್ಲಿಗೆ ಅಂತ ಕೇಳುವ ಮೊದಲು, ಯಾರು ಯಾರು ಹೋಗುತ್ತಿದ್ದೀರಿ ಅಂತ ಕೇಳುತ್ತೇನೆ. ಶುಗರ್ ಇದ್ದವರಿದ್ದರೆ ಬೆಂಚಿನ ಮೇಲೆ ಕೂರಿಸಿ ಚಪ್ಪಲಿ ಬಿಡಿಸುತ್ತೇನೆ. ಕೆಲವರಿಗೆ ಮುಜುಗರ, ಒಬ್ಬರು ಬೈದೂ ಹೋಗಿದ್ದಾರೆ.

ಹೋದ ವಾರ ಸೊಸೆ ಆ ನೋಟ್‌ಬುಕ್ಕನ್ನು ಜೆರಾಕ್ಸ್ ಮಾಡಿಕೊಳ್ಳಲು ಕೊಟ್ಟಳು. ಮೇಷ್ಟ್ರ ಪುಟದ ಕೊನೆಯಲ್ಲಿ ಅವರದೇ ಕೆಂಪು ಪೆನ್ನಿನ ಅಕ್ಷರ ಇತ್ತು: “ಹಡಗಿನ ದಿನ ಇನ್ಸುಲಿನ್ ಎಷ್ಟು, ಯಾವಾಗ? ಡಾಕ್ಟರನ್ನು ಕೇಳುವುದು.” ಹಿಂಬದಿಯಲ್ಲಿ ಡಾಕ್ಟರ್ ಬರೆದ ಉತ್ತರ ಇದೆ. ಅದು ಅವರೊಬ್ಬರಿಗೆ ಬರೆದದ್ದು, ಅವರ ತೂಕ, ಅವರ ಊಟ, ಅವರ ಕಿಡ್ನಿ ನೋಡಿ. ಆ ಬದಿಯನ್ನು ನಾನು ಜೆರಾಕ್ಸ್ ಮಾಡಲಿಲ್ಲ.